ಕಾಲೂರದ ಮೂರು ತಿಂಗಳು

ಆಪರೇಷನ್ ಟೇಬಲ್ ಮೇಲೆ ನನಗೆ ಪೂರ್ತಿ ಎಚ್ಚರವಿತ್ತು. ಬೆನ್ನಿಗೆ ಕೊಟ್ಟ ಇಂಜೆಕ್ಷನ್‌ನಿಂದ ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ, ಆದರೆ ಕಿವಿ ಎಲ್ಲವನ್ನೂ ಕೇಳುತ್ತಿತ್ತು. ಎದೆಯ ಮುಂದೆ ಹಸಿರು ಬಟ್ಟೆಯ ಪರದೆ. ಅದರಾಚೆ ಡ್ರಿಲ್ ತಿರುಗುವ ಸದ್ದು, ನಡುವೆ ಒಮ್ಮೊಮ್ಮೆ "ಇನ್ನು ಸ್ವಲ್ಪ... ಸಾಕು, ಚಿತ್ರ ತೆಗೆಯಿರಿ" ಎನ್ನುವ ಡಾಕ್ಟರ ಮಾತು. ಕೊರೆಯುತ್ತಿದ್ದುದು ನನ್ನ ಬಲತೊಡೆಯ ಮೂಳೆಯನ್ನು. 2022ರ ನವೆಂಬರ್, ಬೆಳಗಾವಿ. ನನಗಾಗ ಮೂವತ್ತಾರು ವರ್ಷ.

ನಾನು ಇಳಕಲ್ಲಿನ ನೇಕಾರ. ಕುಣಿಮಗ್ಗದಲ್ಲಿ ಕುಳಿತವನಿಗೆ ಕೈಯಷ್ಟೇ ಕಾಲೂ ಬೇಕು. ಕುಣಿಯೊಳಗೆ ಇಳಿಬಿಟ್ಟ ಕಾಲು ಹಲಗೆ ತುಳಿದರೆ ಹಾಸಿನ ಎಳೆಗಳು ಬಾಯಿ ತೆರೆಯುತ್ತವೆ, ಲಾಳಿ ದಾಟುತ್ತದೆ. ಆ ವರ್ಷದ ಆರಂಭದಲ್ಲಿ ಬಲಗಾಲು ತುಳಿದಾಗಲೆಲ್ಲ ತೊಡೆಸಂದಿನಲ್ಲಿ ಚಳಕು ಬರತೊಡಗಿತು. ಕೆಲವು ದಿನಗಳಲ್ಲಿ ನೋವು ಮೊಣಕಾಲಿಗೆ ಇಳಿಯಿತು. ನನ್ನನ್ನು ದಾರಿ ತಪ್ಪಿಸಿದ್ದು ಅದೇ. ಏಳು ತಿಂಗಳು ಮೊಣಕಾಲಿಗೇ ಎಣ್ಣೆ, ಪಟ್ಟಿ, ಗುಳಿಗೆ. ಮೊಣಕಾಲಿನ ಎಕ್ಸ್-ರೇ ಚೊಕ್ಕಟವಾಗಿತ್ತು. "ಮಗ್ಗದವರಿಗೆ ಇದು ಇದ್ದದ್ದೇ" ಎಂದು ಒಬ್ಬ ವೈದ್ಯರು ಹೇಳಿ ಕಳಿಸಿದರು. ಆ ಏಳು ತಿಂಗಳ ಸಂಕಟ ಈಗಲೂ ನನ್ನಲ್ಲಿ ಆರಿಲ್ಲ.

ಚಕ್ಕಳಬಕ್ಕಳ ಹಾಕಿ ಊಟಕ್ಕೆ ಕೂರಲು ಆಗದೆ ಹೋದಾಗ ತಮ್ಮ ನನ್ನನ್ನು ಬಾಗಲಕೋಟೆಗೆ ಕರೆದುಕೊಂಡು ಹೋದ. ಅಲ್ಲಿನ ಮೂಳೆ ಡಾಕ್ಟರು ನನ್ನನ್ನು ಮಲಗಿಸಿ, ಮೊಣಕಾಲು ಮಡಿಸಿ, ಕಾಲನ್ನು ಮೆಲ್ಲಗೆ ಒಳಕ್ಕೆ ಹೊರಕ್ಕೆ ತಿರುಗಿಸಿದರು. ನಾನು ಚೀರಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೋವಿಡ್ ಬಂದಿತ್ತೇನು? ಸ್ಟೀರಾಯ್ಡ್ ಕೊಟ್ಟಿದ್ದರೇ?"

ಕೊಟ್ಟಿದ್ದರು. 2021ರ ಮೇ ತಿಂಗಳಲ್ಲಿ ಹನ್ನೆರಡು ದಿನ ಆಕ್ಸಿಜನ್ ಮೇಲಿದ್ದೆ. ಜೀವ ಉಳಿಸಿದ ಆ ಔಷಧಿಯನ್ನು ಇಂದಿಗೂ ನಾನು ದೂರುವುದಿಲ್ಲ. ಆದರೆ ಅದನ್ನು ಹೆಚ್ಚು ತೆಗೆದುಕೊಂಡವರಲ್ಲಿ ಕೆಲವರಿಗೆ ತೊಡೆಮೂಳೆಯ ಮೇಲ್ತುದಿಯ ಚೆಂಡಿಗೆ ರಕ್ತ ಹರಿಯುವುದು ನಿಂತು, ಮೂಳೆ ಒಳಗೊಳಗೇ ಸಾಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ವಿಪರೀತ ಕುಡಿತದಿಂದಲೂ, ಚಪ್ಪೆ, ಅಂದರೆ ತೊಡೆ ಸೊಂಟಕ್ಕೆ ಕೂಡುವ ಜಾಗ, ಮುರಿದು ಪೆಟ್ಟಾದಾಗಲೂ ಹೀಗಾಗುತ್ತದಂತೆ. ಮೊದಮೊದಲು ಎಕ್ಸ್-ರೇಯಲ್ಲಿ ಏನೂ ಕಾಣುವುದಿಲ್ಲ, ಎಂಆರ್‌ಐನಲ್ಲಿ ಮಾತ್ರ ಕಾಣುತ್ತದೆ. ಹೆಚ್ಚಾಗಿ ಎರಡೂ ಕಡೆ ಬರುವ ಕಾಯಿಲೆ ಎಂದು ಎರಡೂ ಚಪ್ಪೆಯ ಚಿತ್ರ ತೆಗೆಸಿದರು. ಬಲಗಡೆ ಎರಡನೆಯ ಹಂತ. ಎಡಗಡೆ ಸಣ್ಣದೊಂದು ಮಚ್ಚೆ.

ಬೆಳಗಾವಿಯ ಸರ್ಜನ್ ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. "ಚೆಂಡು ಇನ್ನೂ ಕುಸಿದಿಲ್ಲ. ಕುಸಿದಿದ್ದರೆ ಕೀಲನ್ನೇ ಬದಲಿಸಬೇಕಿತ್ತು. ಈ ವಯಸ್ಸಿಗೆ ಕೀಲು ಬದಲಿಸಿದರೆ ಮುಂದೊಂದು ದಿನ ಮತ್ತೆ ಬದಲಿಸಬೇಕಾದೀತು. ನಿಮ್ಮ ಮೂಳೆಯನ್ನೇ ಉಳಿಸಲು ನೋಡೋಣ" ಎಂದರು. ಸತ್ತ ಭಾಗವನ್ನು ಕೊರೆದು, ಕೆರೆದು ತೆಗೆಯುವುದು. ಕೊರೆದ ಆ ಕುಳಿಯೊಳಗೆ ಸೊಂಟದ ಮೂಳೆಯ ಮೆದು ತಿರುಳು ತುಂಬುವುದು. ಮೀನಖಂಡದ ಹೊರಬದಿಯ ತೆಳು ಮೂಳೆಯ ಒಂದು ತುಂಡನ್ನು ಒಳಗೆ ಕಂಬದಂತೆ ನಿಲ್ಲಿಸುವುದು. ಅಮೆರಿಕದ ಫೆಮಿಸ್ಟರ್ ಎಂಬ ಸರ್ಜನ್ 1949ರಲ್ಲೇ ಚೆಂಡಿನೊಳಗೆ ಮೂಳೆ ಕಸಿ ಮಾಡುವ ದಾರಿ ಬರೆದಿಟ್ಟಿದ್ದರಂತೆ. ಇಟ್ಟ ಮೂಳೆ ಬರಿಯ ಹಂದರ; ಅದರ ಮೇಲೆ ನನ್ನ ರಕ್ತನಾಳಗಳು ಬಳ್ಳಿಯಂತೆ ಹಬ್ಬಿ, ಹೊಸ ಮೂಳೆ ಬೆಳೆಯಬೇಕು. ಎಲ್ಲರಿಗೂ ಫಲಿಸುತ್ತದೆಂಬ ಭರವಸೆ ಇಲ್ಲ ಎಂದೂ ಅವರು ಮುಚ್ಚಿಡದೆ ಹೇಳಿದರು.

ನನಗೆ ನೆನಪಾದದ್ದು ಕೊಂಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತೇವೆ. ಕೂಡಿಸಿದ ಜಾಗದಲ್ಲಿ ನೇಯ್ಗೆ ಹಿಡಿಯುವವರೆಗೆ ಜಗ್ಗುವಂತಿಲ್ಲ.

ಡಾಕ್ಟರು ಹೇಳಿದ್ದೂ ಅದನ್ನೇ. "ನನ್ನ ಕೆಲಸ ಎರಡು ತಾಸಿನದು. ನಿಮ್ಮದು ಮೂರು ತಿಂಗಳು." ಮೊದಲ ಆರು ವಾರ ಬಲಗಾಲಿನ ಮೇಲೆ ಒಂದಿಷ್ಟೂ ಭಾರ ಬೀಳಕೂಡದು. ಆಮೇಲೆ ಊರುಗೋಲು ಹಿಡಿದು ನೆಲಕ್ಕೆ ಪಾದ ತಾಗಿಸಬಹುದು, ಅಷ್ಟೇ.

ಹಗಲು ಹೇಗೋ ಕಳೆಯುತ್ತಿತ್ತು. ಭಯವಿದ್ದದ್ದು ರಾತ್ರಿಯದು. ನಿದ್ದೆಗಣ್ಣಿನಲ್ಲಿ ಎದ್ದು ಬಲಗಾಲು ಊರಿಬಿಟ್ಟರೆ? ನನ್ನ ಹೆಂಡತಿ ಮಂಚವನ್ನು ಎಳೆದು, ನನ್ನ ಬಲಮಗ್ಗುಲಿಗೆ ಗೋಡೆ ಬರುವಂತೆ ಹಾಕಿದಳು. ಇಳಿದರೆ ಎಡಗಾಲೇ ಮೊದಲು ನೆಲ ಮುಟ್ಟಬೇಕು. ತಾನು ನೆಲದ ಮೇಲೆ, ಮಂಚಕ್ಕೆ ಒತ್ತಿ ಮಲಗುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಅರ್ಧ ನೇಯ್ದ ಸೀರೆ ಮಗ್ಗದ ಮೇಲೆ ಹಾಗೇ ಇತ್ತು. ಧೂಳು ಕೂರದಂತೆ ಅವ್ವ ತನ್ನ ಹಳೆಯ ಸೀರೆ ಹೊದಿಸಿದ್ದಳು. ಓಣಿಯ ಉಳಿದ ಮನೆಗಳಿಂದ ಮಗ್ಗದ ಸದ್ದು ಬರುತ್ತಿದ್ದರೆ ನನ್ನ ಎಡಗಾಲು ತಾನಾಗಿ ತುಳಿಯುತ್ತಿತ್ತು. ಮನೆ ನಡೆದದ್ದು ಹೆಂಡತಿ ಬೇರೆಯವರಿಗೆ ಸುತ್ತಿಕೊಟ್ಟ ನೂಲಿನ ಕಂಡಿಕೆಗಳಿಂದ, ತಮ್ಮನ ದುಡಿಮೆಯಿಂದ.

ಮೂರು ತಿಂಗಳಿಗೆ ಬೆಳಗಾವಿಯಲ್ಲಿ ಮತ್ತೆ ಚಿತ್ರ ತೆಗೆದರು. ಚೆಂಡು ದುಂಡಗೇ ಇತ್ತು. ವಾಪಸು ಬರುವಾಗ ಅಮೀನಗಡದಲ್ಲಿ ಕಾರು ನಿಲ್ಲಿಸಿ ಅವ್ವ ಕರದಂಟು ಕೊಂಡಳು. "ತಮ್ಮಾ, ಇಳಿಯಬೇಡ, ಅಲ್ಲೇ ಕೂರು" ಎಂದು ಕಿಟಕಿಯಲ್ಲೇ ನನ್ನ ಬಾಯಿಗಿಟ್ಟಳು.

ಒಂದು ವರ್ಷದ ನಂತರ ಕುಣಿಗೆ ಇಳಿದೆ. ಈಗ ದಿನಕ್ಕೆ ನಾಲ್ಕು ತಾಸು ನೇಯುತ್ತೇನೆ, ನಡುನಡುವೆ ಎದ್ದು ಓಡಾಡುತ್ತೇನೆ. ಕೋವಿಡ್‌ನಿಂದ ಎದ್ದು ಬಂದ ಯಾರಾದರೂ ತೊಡೆಸಂದು ಮುಟ್ಟಿ ತೋರಿಸಿದರೆ, ಚಪ್ಪೆಯ ಎಂಆರ್‌ಐ ಬೇಕೇ ಎಂದು ಡಾಕ್ಟರನ್ನು ಕೇಳುವಂತೆ ಕೈಹಿಡಿದು ಹೇಳುತ್ತೇನೆ. ಎಡಗಡೆಯ ಮಚ್ಚೆ ಕಳೆದ ಸಲ ನೋಡಿದಾಗ ಇದ್ದಷ್ಟೇ ಇತ್ತು. ಮುಂದಿನ ತಿಂಗಳು ಮತ್ತೆ ತೋರಿಸಬೇಕು. ಹೆಂಡತಿ ಹಳೆಯ ಫಿಲ್ಮುಗಳನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ಬಾಗಿಲ ಹಿಂದೆ ತೂಗುಹಾಕಿದ್ದಾಳೆ.