ಗಾಡಿ ಮೇಲೆ ಟೆಂಟ್

ಪಿಕಪ್‌ನ ಕ್ಯಾನೋಪಿ (ಹಿಂದಿನ ಸಾಮಾನು ಹಾಕೋ ಜಾಗದ ಫೈಬರ್ ಮುಚ್ಚಳ) ಮೇಲೆ ಅಂತೂ ಇವತ್ತು ರೂಫ್‌ಟಾಪ್ ಟೆಂಟ್ ಕೂತಿತು. ಸುಮಾರು 60 ಕೆಜಿ. ಎತ್ತೋಕೆ ತೋಟದವರೆಲ್ಲ ಕೈ ಜೋಡಿಸಿದ್ರು.

ಕುಶಾಲನಗರದ ವೆಲ್ಡಿಂಗ್ ಅಣ್ಣ ಮೊದಲೇ ಹೇಳಿದ್ರು: "ನಿಂತ ಗಾಡಿ ಭಾರ ಬೇರೆ, ಓಡೋ ಗಾಡಿ ಭಾರ ಬೇರೆ." ನಿಂತಾಗ ಇಬ್ಬರು ಮಲಗಿದ್ರೂ ತಡೆಯುತ್ತೆ, ಏಣಿಯೂ ಸ್ವಲ್ಪ ಭಾರ ಹೊರುತ್ತೆ. ಮಡಿಕೇರಿ ಘಾಟಿಯ ತಿರುವಲ್ಲಿ ಆ 60 ಕೆಜಿಯೇ ಕ್ಯಾನೋಪಿಯನ್ನ ಜಗ್ಗೋದು. ಫೈಬರ್‌ಗೆ ಬರೀ ಬೋಲ್ಟ್ ಹೊಡೆದ್ರೆ ಅಲ್ಲೇ ಬಿರುಕು.

ಅದಕ್ಕೆ ಒಳಗಿಂದ ಅಲ್ಯೂಮಿನಿಯಂ ಪಟ್ಟಿ ಕೊಟ್ಟು, ಭಾರ ಹರಡೋ ಹಾಗೆ ಮಾಡಿದ್ವಿ. ಪ್ರತಿ ತೂತಿಗೂ ರಬ್ಬರ್ ವಾಷರ್, ಅದರ ಸುತ್ತ ನೀರು ತಡೆಯೋ ಅಂಟು, ಅಂದ್ರೆ ಸೀಲೆಂಟ್. ಬೋಲ್ಟ್ ಬಿಗಿ ಆಗ್ತಾ ಆಗ್ತಾ ಅಂಚಿಂದ ಆ ಸೀಲೆಂಟ್ ಕಪ್ಪಗೆ ಉಂಗುರದ ಹಾಗೆ ಹೊರಗೆ ಬರುತ್ತಲ್ಲ, ಸುತ್ತಲೂ ಒಂದೇ ಸಮ ಬಂದ್ರೆ ನೀರು ಒಳಗೆ ಬರಲ್ಲ ಅಂತ ಲೆಕ್ಕ. ಭಾಗಮಂಡಲ ಕಡೆಯ ಮಳೆ ಅಡ್ಡಡ್ಡ ಬರೋದು, ಅದಕ್ಕೆ ಈ ಲೆಕ್ಕ ಗೊತ್ತಿರಬೇಕಲ್ಲ!

ಅವ್ವ ಜಗಲಿಯಿಂದಲೇ ಕೇಳಿದ್ರು, "ಇಷ್ಟು ದೊಡ್ಡ ಮನೆ ಬಿಟ್ಟು ಗಾಡಿ ಮೇಲೆ ಮಲಗ್ತೀಯಾ?"

ಉತ್ತರ ಇಲ್ಲ. ಕಾಡಲ್ಲಿ ಹೀಗೆ ಬಿಡಾರ ಹೂಡೋಕೆ ಬಿಡಲ್ಲ, ಬಿಡಲೂಬಾರದು. ತೋಟದಲ್ಲಿ ಆನೆ. ಎತ್ತರದಲ್ಲಿ ಮಲಗಿದ್ರೆ ಸೇಫ್ ಅಂತಾರೆ, ಆದ್ರೆ ಆ ಎತ್ತರ ಸಲಗಕ್ಕೆ ಸರಿಯಾಗಿ ಸೊಂಡಿಲ ಮಟ್ಟ. ಹಾಗಾಗಿ ಸದ್ಯಕ್ಕೆ ಅಂಗಳದಲ್ಲೇ ಕ್ಯಾಂಪಿಂಗ್, ಕಾಫಿ ಒಣಹಾಕೋ ಕಣದ ಪಕ್ಕ. ಮನುಷ್ಯನಿಗೆ ಮನೆಯಿಂದ ಹತ್ತು ಅಡಿ ದೂರ ಹೋದ್ರೂ ಊರು ಬಿಟ್ಟ ಖುಷಿ ಸಿಗುತ್ತೆ ಅನ್ಸುತ್ತೆ.

ಸ್ವಲ್ಪ ಓಡಿಸಿದ ಮೇಲೆ ಬೋಲ್ಟ್‌ಗಳನ್ನ ಇನ್ನೊಮ್ಮೆ ಬಿಗಿ ಮಾಡ್ಬೇಕು. ನನ್ನ 13ನೇ ನಂಬರ್ ಸ್ಪ್ಯಾನರ್ ಯಾರ ಹತ್ರ ಇದೆಯೋ, ದಯವಿಟ್ಟು ವಾಪಸ್ ತನ್ನಿ ಮಾರಾಯ್ರೆ.