ಬಿಸಿಲಲ್ಲಿ ಪಾರ್ಸಲ್ ತರುವವರಿಗೆ ನಿಜಕ್ಕೂ ಬೇಕಾದದ್ದು ಏನು?

ಕಲಬುರಗಿಯ ಒಂದು ಕೊರಿಯರ್ ಹಬ್‌ನಲ್ಲಿ ಡೆಲಿವರಿ ಹುಡುಗರಿಗೆ ರೂಟ್ ಹಂಚುವುದು ನನ್ನ ಕೆಲಸ. ಏಪ್ರಿಲ್ ಬಂತೆಂದರೆ ಜಗಳ ಶುರು. ಸೂಪರ್ ಮಾರ್ಕೆಟ್ ಕಡೆ ಅಂಗಡಿಗಳು ಒತ್ತೊತ್ತಾಗಿವೆ, ಚೀಲ ಬೇಗ ಖಾಲಿಯಾಗುತ್ತದೆ, ಅದನ್ನೇ ಕೇಳುತ್ತಾರೆ ಅಂದುಕೊಂಡಿರಾ? ಇಲ್ಲ. ಬ್ರಹ್ಮಪುರದ ಒಂದು ಓಣಿಗೆ ಪೈಪೋಟಿ ಜಾಸ್ತಿ. ಗಾಡಿ ತಿರುಗಿಸಲೂ ಜಾಗವಿಲ್ಲದ ಓಣಿ ಅದು. ಆದರೆ ಅಲ್ಲಿ ಒಬ್ಬ ಅಜ್ಜಿ ಬಾಗಿಲ ಪಕ್ಕ ನೀರಿನ ಹರವಿ ಇಟ್ಟಿದ್ದಾರೆ, ಯಾರ ಮನೆಗೆ ಪಾರ್ಸಲ್ ಬಂದರೂ ಕೂಗಿ ಕರೆಯುತ್ತಾರೆ: "ಏ ತಮ್ಮಾ, ನೀರ್ ಕುಡದ್ ಹೋಗು, ಬಿಸಲ್ ಭಾಳ ಅದ." ನಲ್ಲಿ ನೀರು ದಿನಾ ಬಾರದ ಊರಲ್ಲಿ ಇದು ಸಣ್ಣ ಮಾತಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಬಿಸಿಲು 40 ಡಿಗ್ರಿ ದಾಟುತ್ತದಲ್ವಾ, ಅದಕ್ಕೆ. ನಮ್ಮಲ್ಲಿ ಲಾರಿ ಬಂದು, ಮಾಲು ಬೇರೆ ಮಾಡಿ, ಸ್ಕ್ಯಾನ್ ಮುಗಿಸುವಷ್ಟರಲ್ಲೇ ಸೂರ್ಯ ನೆತ್ತಿ ಹತ್ತಿರ ಬಂದಿರುತ್ತಾನೆ. ಹುಡುಗರು ಹೊರಡುವುದೇ ಆಗ. ಪರ್ಸಿ ಕಲ್ಲು ಹಾಸಿದ ಕಟ್ಟೆ ಮೇಲೆ ಒಂದು ನಿಮಿಷ ಕೂರಲೂ ಆಗುವುದಿಲ್ಲ.

ನೀರಿನಷ್ಟೇ ದೊಡ್ಡದು ಸಮಯ. ಪಾರ್ಸಲ್ ಲೆಕ್ಕದ ಕೂಲಿ ಇದು, ಮನೆ ಬಾಗಿಲಲ್ಲಿ ಸುಮ್ನೆ ನಿಂತರೆ ದುಡ್ಡಿಲ್ಲ. ಫೋನ್ ಒಳಗೆ ಚಾರ್ಜಿಗೆ ಹಾಕಿ, ಆಮೇಲೆ ಓಟಿಪಿ ಹುಡುಕಿ, ಕೊನೆಗೆ ಚಿಲ್ಲರೆ ಇಲ್ಲ ಅಂದರೆ ಮುಂದಿನ ಮನೆಗೆ ಹೋಗುವುದು ತಡ, ಅಲ್ಲಿ ಬೈಗುಳ. ಸೇಡಂ ರಸ್ತೆಯ ಹೊಸ ಲೇಔಟ್‌ಗಳಲ್ಲಂತೂ ಪ್ಲಾಟ್ ನಂಬರ್ ಎಲ್ಲೂ ಬರೆದಿರುವುದಿಲ್ಲ. ಗೇಟಿನ ಮೇಲೆ ಬಣ್ಣದಲ್ಲಿ ನಂಬರ್ ಬರೆಸಿ, ಸಾಕು. ಒಂದು ಓಣಿಯಲ್ಲಿ ಕಿರಾಣಿ ಅಂಗಡಿಯವರು, ಮನೆಯವರು ಮೊದಲೇ ಹೇಳಿಟ್ಟಿದ್ದರೆ, ಊರಲ್ಲಿ ಇಲ್ಲದವರ ಪಾರ್ಸಲ್ ತಾವೇ ಇಸಕೊಂಡು ಇಡುತ್ತಾರೆ. ಅದರಿಂದ ಉಳಿಯುವ ಓಡಾಟ ಯಾವ ಟಿಪ್ಸಿಗಿಂತ ಕಡಿಮೆಯಲ್ಲ.

ಇದೆಲ್ಲ ಹಕ್ಕಿನ ಬದಲಿಗಲ್ಲ. ಆ್ಯಪ್‌ಗಳಲ್ಲಿ ದುಡಿಯುವ ಗಿಗ್ ಕಾರ್ಮಿಕರಿಗೆ ರಾಜ್ಯದಲ್ಲಿ 2025ರಲ್ಲಿ ಕಾಯ್ದೆ ಬಂದಿದೆ, ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಅದು ಬರಲಿ. ಹರವಿ ನೀರೂ ಇರಲಿ.

ಆದರೆ ನೀರು ಕೊಟ್ಟು ಫೋಟೋ ತೆಗೆದು ಸ್ಟೇಟಸ್ ಹಾಕುವವರಿಗೆ ಕೈ ಮುಗಿಯುತ್ತೇನೆ, ಅದು ಬೇಡ. ಹುಡುಗರು ಅಂಥ ಮನೆಯಲ್ಲಿ ಬಾಯಾರಿದರೂ ನೀರು ಕೇಳುವುದಿಲ್ಲ.

ಈಗ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಬರುತ್ತಿದ್ದಾರೆ. ಶೌಚಾಲಯ ಸಿಗುವುದಿಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದೆ ಗಾಡಿ ಓಡಿಸುತ್ತಾರೆ, ಈ ಬಿಸಿಲಲ್ಲಿ. ಜೇವರ್ಗಿ ರಸ್ತೆಯಲ್ಲಿ ಒಂದು ಹೊಲಿಗೆ ಅಂಗಡಿಯ ಅಕ್ಕ ಇವರಿಗೆ ಹಿಂದಿನ ಬಾಗಿಲು ತೆರೆದಿಟ್ಟಿದ್ದಾರೆ. ರೂಟ್ ಹಾಕುವಾಗ ಆ ರಸ್ತೆ ಮೊದಲು ಹೆಣ್ಣುಮಕ್ಕಳಿಗೇ ಕೊಡುತ್ತೇನೆ. ನಿಮ್ಮ ಓಣಿಯಲ್ಲೂ ಹೀಗೆ ಯಾರಾದರೂ ಒಪ್ಪಿದರೆ ನಿಮ್ಮ ಮನೆಗೆ ಬರುವ ಡೆಲಿವರಿಯವರಿಗೆ ಹೇಳಿಡಿ, ಸುದ್ದಿ ನಮ್ಮ ತನಕ ಬರುತ್ತದೆ.