ಅಪ್ಪನ ಅಳತೆ

ಕಳೆದ ತಿಂಗಳು ಆರೋಗ್ಯ ತಪಾಸಣೆಗೆ ಹೋಗಿದ್ದಾಗ ವೈದ್ಯರು, ನನ್ನ ತಂದೆಯವರಿಗೆ ಕುಡಿತದ ಅಭ್ಯಾಸವಿತ್ತೇ ಎಂದು ಕೇಳಿದರು. "ಮಿತವಾಗಿತ್ತು, ದಿನಕ್ಕೊಂದು ಕ್ವಾರ್ಟರ್ ಅಷ್ಟೆ" ಎಂದೆ. ಬರೆಯುತ್ತಿದ್ದವರು ತಲೆಯೆತ್ತಿ ನನ್ನನ್ನೇ ನೋಡಿದರು.

ರಾಜಾಜಿನಗರದ ನಮ್ಮ ಮನೆಯ ಮಟ್ಟಿಗೆ ಅದು ಮಿತವೇ ಆಗಿತ್ತು. ಕಾರ್ಖಾನೆಯಿಂದ ಬಂದ ಅಪ್ಪ, ದಿನಪತ್ರಿಕೆಯಲ್ಲಿ ಸುತ್ತಿ ತಂದ ಬಾಟಲಿಯ ಮುಚ್ಚಳ ತಿರುಚಿ, ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಂಡು, ಒಂಬತ್ತಕ್ಕೆ ಮುದ್ದೆ ಉಂಡು ಮಲಗುತ್ತಿದ್ದರು. ಮುಚ್ಚಳದ ಸದ್ದು ಕೇಳಿದೊಡನೆ ಕಾಂಗ್ರೆಸ್ ಕಡಲೆಕಾಯಿಬೀಜದ ಬಟ್ಟಲನ್ನು ತಂದಿಡುವುದು ನನ್ನ ಕೆಲಸ. ಅವರು ತೂರಾಡಿದವರಲ್ಲ, ಯಾರ ಮೇಲೂ ಕೈ ಎತ್ತಿದವರಲ್ಲ. ಕುಡುಕ ಎಂಬ ಮಾತೇನಿದ್ದರೂ ಸಾರಾಯಿ ಅಂಗಡಿಯ ಮುಂದೆ ಬಿದ್ದಿರುತ್ತಿದ್ದವರಿಗೆ ಮೀಸಲು. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಅಪ್ಪನೇ ಅದನ್ನು ಮನಸಾರೆ ಮೆಚ್ಚಿಕೊಂಡಿದ್ದರು.

ವೈದ್ಯರು ಕಾಗದದ ಮೇಲೆ ಲೆಕ್ಕ ಹಾಕಿದರು. ಕ್ವಾರ್ಟರ್ ಎಂದರೆ 180 ಮಿ.ಲೀ.; ನಮ್ಮಲ್ಲಿ ಮಾರುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುವುದರಿಂದ, ಪ್ರತಿ ರಾತ್ರಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ದೇಹಕ್ಕೆ ಸೇರಿದಂತಾಯಿತು.

ಕುಡಿತದ ಚಟದಲ್ಲಿ ವಂಶವಾಹಿಗಳ ಪಾಲು ಹೆಚ್ಚುಕಡಿಮೆ ಅರ್ಧದಷ್ಟಿದೆ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ಡೆನ್ಮಾರ್ಕಿನಲ್ಲಿ ನಡೆದು 1973ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆತ್ತವರಲ್ಲಿ ಒಬ್ಬರಿಗೆ ಆ ಚಟವಿದ್ದು ಎಳವೆಯಲ್ಲೇ ದತ್ತುಹೋದ ಗಂಡುಮಕ್ಕಳಲ್ಲೂ ಅದು ಇತರ ದತ್ತುಮಕ್ಕಳಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಾಗಿ ಕಂಡುಬಂದಿತ್ತು. ನನ್ನನ್ನು ಕಾಡಿದ್ದು ಮಾತ್ರ ಇನ್ನೊಂದು ವಿಷಯ: ಇಂಥವರ ಮಕ್ಕಳಲ್ಲಿ ಹಲವರಿಗೆ ಮದ್ಯದ ಅಮಲು ಬೇಗನೆ ಏರುವುದಿಲ್ಲ, ಸಾಕೆಂದು ದೇಹ ಹೇಳುವುದು ತಡವಾಗುವುದರಿಂದ ಅವರೇ ಮುಂದೆ ಚಟಕ್ಕೆ ಸಿಲುಕುವ ಸಾಧ್ಯತೆ ಹೆಚ್ಚು. ಗೆಳೆಯರು ಮೂರನೇ ಪೆಗ್ಗಿಗೆ ತೊದಲುವಾಗ ಬಿಲ್ಲನ್ನು ಪೈಸೆ ತಪ್ಪದಂತೆ ತಲೆಗಿಷ್ಟೆಂದು ಹಂಚುತ್ತಿದ್ದವನು ನಾನು. ಅದನ್ನು ಇಷ್ಟು ವರ್ಷ ನನ್ನ ತಾಕತ್ತೆಂದೇ ತಿಳಿದಿದ್ದೆ.

ಆದರೂ ಎಲ್ಲವನ್ನೂ ರಕ್ತದ ಮೇಲೆ ಹಾಕಿ ಕೈತೊಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಅರುವತ್ತು ಗ್ರಾಮಿಗೆ "ಅಷ್ಟೆ" ಎಂಬ ಪದವನ್ನು ಸೇರಿಸಲು ನನಗೆ ಕಲಿಸಿದ್ದು ವಂಶವಾಹಿಯಲ್ಲ, ಆ ಜಗುಲಿ, ಆ ಬಟ್ಟಲು, ಒಂದು ದಿನವೂ ತಪ್ಪದ ಆ ಶಿಸ್ತು. ಗಲಾಟೆಯಿದ್ದ ಮನೆಯ ಮಕ್ಕಳಲ್ಲಿ ಕೆಲವರಾದರೂ ಕುಡಿತಕ್ಕೆ ಹೇಸಿ ದೂರ ಸರಿಯುತ್ತಾರೆ. ನಮ್ಮ ಮನೆಯಲ್ಲಿ ಹೇಸುವಂಥದ್ದೇನೂ ನಡೆಯಲಿಲ್ಲ.

"ಸರಿ, ನೀವೆಷ್ಟು ತೆಗೆದುಕೊಳ್ಳುತ್ತೀರಿ?" ಎಂದರು ವೈದ್ಯರು.

"ಅಪ್ಪನಿಗಿಂತ ಕಡಿಮೆ ಸರ್."

"ಮಿಲಿಲೀಟರಿನಲ್ಲಿ ಹೇಳಿ."